ಓವನ್ನಿನ ಇ-ಸೆವೆನ್ನೂ ಅನಾದಿಕಾಲದ ಕಲ್ಲೂ

ಕುಂಜತ್ತೂರಿನ ಕೇಶವಪ್ರಸಾದ ಭಟ್ಟರು ಮೂವತ್ತೊಂದು ವರ್ಷದಿಂದ ಉಪ್ಪಳದಲ್ಲಿ ಆಧಾರ ಬರೆಯುತ್ತಿದ್ದಾರೆ. ಆಧಾರ ಎಂದರೆ ಕಿಸೆಯಲ್ಲಿಟ್ಟುಕೊಳ್ಳುವ ಕಾರ್ಡು ಅಲ್ಲ, ಜಾಗ ಮಾರುವವನು ಕೊಳ್ಳುವವನಿಗೆ ಮಾಡಿಕೊಡುವ ರಿಜಿಸ್ತ್ರಿ ಪತ್ರ. ಗಡಿಯ ಈಚೆ, ಕಾಸರಗೋಡಿನಲ್ಲಿ, ಅದಕ್ಕೆ ಹಾಗೆಯೇ ಹೆಸರು. ಇಷ್ಟು ವರ್ಷದಲ್ಲಿ ಅವರ ಪೆನ್ನಿನಿಂದ ಒಂದೇ ಒಂದು ತಪ್ಪು ಬಿದ್ದಿಲ್ಲ ಎಂಬುದು ಊರಿನ ಮಾತು. ಆ ಮಾತನ್ನು ಊರಿಗೆ ಕಲಿಸಿದವರು ಅವರೇ, ಅದು ಬೇರೆ ವಿಷಯ. ಊರಿನವರು ಒಪ್ಪಿಕೊಂಡಿದ್ದರು, ಯಾಕೆಂದರೆ ಒಪ್ಪದಿದ್ದರೆ ಭಟ್ಟರ ಮಾತು ಮುಗಿಯುತ್ತಿರಲಿಲ್ಲ.

ಯಾವ ತಕರಾರು ಬಂದರೂ ಅವರದು ಒಂದೇ ತೀರ್ಪು: "ಆಧಾರದಲ್ಲಿ ಉಂಟು." ಒಮ್ಮೆ ಒಬ್ಬ ಗಿರಾಕಿ, "ಭಟ್ರೇ, ನೀವು ಬರೆದದ್ದರಲ್ಲಿ ಬಾವಿ ಉಂಟು. ಜಾಗದಲ್ಲಿ ಬಾವಿ ಇಲ್ಲ" ಎಂದು ಅಳುಮುಖ ಮಾಡಿಕೊಂಡು ಬಂದಿದ್ದ. "ಸರಿಯಾಗಿ ಹುಡುಕಿದ್ದೀಯಾ?" ಎಂದು ಕೇಳಿ ಕಳುಹಿಸಿದ್ದರು.

ಇಂಥವರ ಮನೆಯ ಓವನ್ನು ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಮೂರು ಸಲ ಕುಂಯ್‌ಗುಟ್ಟಿ, ಹಣೆಯ ಮೇಲೆ ಕೆಂಪಕ್ಷರದಲ್ಲಿ ಇ-ಸೆವೆನ್ ಎಂದು ಬರೆದುಕೊಂಡು ತಣ್ಣಗಾಗಿಬಿಟ್ಟಿತು.

ಓವನ್ನು ಅವರ ಹೆಂಡತಿ ಸೌದಾಮಿನಿಯದು. ಅವಳ ತಮ್ಮ ವಿಘ್ನೇಶ ದುಬಾಯಿಯಿಂದ ಕಳುಹಿಸಿದ್ದು. ಅದರಲ್ಲಿ ಅವಳು ಮೊಟ್ಟೆ ಹಾಕದೆ ಹಲಸಿನ ಹಣ್ಣಿನ ಕೇಕು ಮಾಡುವುದನ್ನು ಸಾಧಿಸಿಕೊಂಡಿದ್ದಳು. ಇಷ್ಟು ದಿನ ತಿಂದವರೆಲ್ಲ ಮನೆಯವರು, ಅವರು ಹೇಗಿದ್ದರೂ ಹೊಗಳಲೇಬೇಕು. ಮೊದಲ ಸಲ ಗೇಟಿನ ಹೊರಗಿನ ಆರ್ಡರು ಬಂದಿತ್ತು. ಪಕ್ಕದ ಮನೆಯ ಹರಿಣಾಕ್ಷಿಯ ಮೊಮ್ಮಗಳು ಕಿನ್ನಿಗೆ ಭಾನುವಾರ ಒಂದು ವರ್ಷ ತುಂಬುತ್ತದೆ, ನೂರೈವತ್ತು ಜನಕ್ಕೆ ಊಟ, ಆರು ಕೇಜಿ ಹಲಸಿನ ಕೇಕು. "ಬೇಕರಿಯವರಿಗೆ ಬೇಡ ಅಂತ ಹೇಳಿ ಆಯ್ತು ಅಕ್ಕ, ಎಲ್ಲರ ಹತ್ರ ನಿಮ್ಮ ಹೆಸರು ಹೇಳಿದ್ದೇನೆ" ಎಂದಿದ್ದಳು ಹರಿಣಾಕ್ಷಿ. ಸೌದಾಮಿನಿ ಯಾರಿಗೂ ತಿಳಿಯದಂತೆ "ಸೌದಾಮಿನಿ ಹೋಮ್ ಬೇಕ್ಸ್" ಎಂದು ಒಂದು ಬೋರ್ಡು ಬರೆಸಿ ಮಂಚದ ಅಡಿಯಲ್ಲಿ ಇಟ್ಟಿದ್ದಳು. ಭಾನುವಾರ ಕೇಕು ಚೆನ್ನಾದರೆ ಸೋಮವಾರ ಅದು ಗೇಟಿಗೆ. ಕೆಟ್ಟರೆ ಮಂಚದಡಿಯಲ್ಲೇ ಇರಬೇಕು.

"ಇವರೇ, ಯಾರಾದರೂ ಕರೆಂಟಿನವರನ್ನು ಕರೆಸುವ" ಎಂದಳು ಅವಳು.

"ಕರೆಂಟಿನವ ಯಾಕೆ ಮಾರಾಯ್ತಿ? ಹಾಳಾದ ಯಂತ್ರ ಸುಮ್ಮನೆ ಕೂತುಕೊಳ್ತದೆ. ಇದು ಎಂತ ಆಗಿದೆ ಅಂತ ಬರೆದು ಹೇಳ್ತಾ ಉಂಟು. ಬರೆದದ್ದು ಓದಲಿಕ್ಕೆ ಈ ಮನೆಗೆ ಹೊರಗಿನಿಂದ ಜನ ಬರಬೇಕಾ?"

ಓವನ್ನಿನ ಪುಸ್ತಕವನ್ನು ಅವರು ಮರದ ಪೆಟ್ಟಿಗೆಯಲ್ಲಿ, ಮನೆಯ ಆಧಾರದ ಜೊತೆಗೇ ಜೋಪಾನ ಮಾಡಿದ್ದರು. ತೆಗೆದು ನೋಡಿದರೆ ಗೆದ್ದಲು ಹತ್ತಿದೆ. ಗೆದ್ದಲಿಗೂ ಭಟ್ಟರ ಮೇಲೆ ಮರ್ಯಾದೆ ಇದ್ದಿರಬೇಕು, ಆಧಾರವನ್ನು ಮುಟ್ಟಿರಲಿಲ್ಲ. ಓವನ್ನಿನ ಪುಸ್ತಕವನ್ನು ಮಾತ್ರ ಇ-ಫೈವ್‌ನಿಂದ ಕೆಳಗೆ ಪೂರ್ತಿ ತಿಂದಿತ್ತು. ಉಳಿದದ್ದು ನಾಲ್ಕು ಸಾಲು: ಬಾಗಿಲು ಹಾಕಿಲ್ಲ, ಬಿಸಿ ಅಳೆಯುವುದು ಕೆಟ್ಟಿದೆ, ಫ್ಯಾನು ತಿರುಗುತ್ತಿಲ್ಲ, ಗಂಟೆ ಸರಿಯಿಲ್ಲ.

ಭಟ್ಟರು ಕನ್ನಡಕ ಏರಿಸಿ ಸ್ವಲ್ಪ ಹೊತ್ತು ಯೋಚಿಸಿದರು. "ಮೂರು ಮತ್ತು ನಾಲ್ಕು ಕೂಡಿದರೆ ಏಳು. ಹಾಗಾದರೆ ಫ್ಯಾನೂ ತಿರುಗುತ್ತಿಲ್ಲ, ಗಂಟೆಯೂ ಸರಿಯಿಲ್ಲ. ಎರಡೂ ಒಟ್ಟಿಗೆ ಆಗಿದೆ."

ಓವನ್ನಿನ ಗಂಟೆಯನ್ನು ರೇಡಿಯೋದ ಗಂಟೆಗೆ ಸರಿಹೊಂದಿಸಿದರು. ಫ್ಯಾನಿನ ವಿಷಯದಲ್ಲಿ ಸಂಶಯ ಬಂದು ಅಡುಗೆಮನೆಯ ಸೀಲಿಂಗ್ ಫ್ಯಾನನ್ನೂ ಐದಕ್ಕೆ ಇಟ್ಟರು. ಮೈದಾಹಿಟ್ಟು ಹಾರಿ ಸೌದಾಮಿನಿಯ ಕೂದಲು ನರೆಯಿತು. ಇ-ಸೆವೆನ್ ಮಾತ್ರ ಹಾಗೆಯೇ ಇತ್ತು.

ಮಧ್ಯಾಹ್ನದ ಊಟದ ನಂತರ ಕಂಪೆನಿಗೆ ಫೋನು. ಕನ್ನಡ ಬೇಕಾದರೆ ನಾಲ್ಕು ಒತ್ತಬೇಕಿತ್ತು, ಒತ್ತಿದರು. ಬೆಂಗಳೂರಿನ ಒಬ್ಬ ಹುಡುಗಿ ಪಿನ್‌ಕೋಡ್ ಕೇಳಿದಳು. "ಸರ್, ಇದು ಕೇರಳ ತೋರಿಸ್ತಾ ಇದೆ. ಮತ್ತೆ ಕನ್ನಡ ಯಾಕೆ ಒತ್ತಿದ್ರಿ?" ಈ ಪ್ರಶ್ನೆ ಕೇಳಬಾರದಿತ್ತು. ರಾಜ್ಯಗಳನ್ನು ಹೇಗೆ ಭಾಗ ಮಾಡಿದರು, ಕಾಸರಗೋಡು ಹೇಗೆ ಆಚೆ ಹೋಯಿತು ಎಂದು ಭಟ್ಟರು ಹನ್ನೆರಡು ನಿಮಿಷ ವಿವರಿಸಿದರು. ಹುಡುಗಿ ಎಲ್ಲವನ್ನೂ ಕೇಳಿ, ಫೋನನ್ನು ಕೇರಳದವರಿಗೆ ದಾಟಿಸಿದಳು.

ಭಟ್ಟರಿಗೆ ಮಲಯಾಳ ಬರುತ್ತದೆ. ಆದರೆ ಕಲಿತದ್ದು ಪೂರ್ತಿ ರಿಜಿಸ್ತ್ರಿ ಆಫೀಸಿನಲ್ಲಿ. ಹಾಗಾಗಿ ತಂದೆಯ ಹೆಸರು, ಗ್ರಾಮ, ಸರ್ವೆ ನಂಬರು ಹೇಳಿ, ಈ ಕೆಳಗೆ ವಿವರಿಸಿದ ಓವನ್ನಿನ ಪೂರ್ವಕ್ಕೆ ಫ್ರಿಜ್ಜು, ಪಶ್ಚಿಮಕ್ಕೆ ಗ್ರೈಂಡರು, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಮನೆಯವಳು ನಡೆದಾಡುವ ದಾರಿ ಎಂದು ನಾಲ್ಕು ದಿಕ್ಕಿನ ಗಡಿ ಒಪ್ಪಿಸಿದರು. ಆ ಕಡೆ ಇದ್ದ ಹೆಂಗಸು ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು: ಓವನ್ನಿಗೆ ಏನೂ ಆಗಿಲ್ಲ. ತೊಂದರೆ ಇರುವುದು ನಿಮ್ಮ ಮನೆಯಲ್ಲಿ. ಗೊತ್ತಿದ್ದವರನ್ನು ಕರೆದು ಮನೆ ತೋರಿಸಿ.

ಭಟ್ಟರು ಫೋನು ಕೆಳಗಿಟ್ಟು ಅಂಗಳಕ್ಕೆ ಬಂದರು. ಮೂವತ್ತೊಂದು ವರ್ಷದಲ್ಲಿ ಯಾರೂ ಅವರಿಗೆ ಹೀಗೆ ಹೇಳಿರಲಿಲ್ಲ.

"ಎಂತ ಹೇಳಿದ್ರು?" ಹರಿಣಾಕ್ಷಿ ಆಗಲೇ ಕಂಪೌಂಡಿನ ಗೋಡೆಗೆ ಮೊಣಕೈ ಊರಿ ನಿಂತಿದ್ದಳು.

"ಓವನ್ ಸರಿ ಉಂಟಂತೆ. ತೊಂದರೆ ಮನೆಯಲ್ಲಿ ಅಂತೆ. ಗೊತ್ತಿದ್ದವರಿಗೆ ತೋರಿಸಬೇಕಂತೆ."

ಹರಿಣಾಕ್ಷಿ ಅಂಗಳದ ಈಶಾನ್ಯ ಮೂಲೆಯ ಕಡೆಗೆ ನೋಡಿದಳು. ಆಮೇಲೆ ಭಟ್ಟರನ್ನು ನೋಡಿದಳು. "ಒಂದು ತಿಂಗಳಿಂದ ನೀರು ಕೊಡುವುದು ನಿಲ್ಲಿಸಿದ್ದೀರಿ ಅಲ್ವಾ ಭಟ್ರೇ? ನಾನು ಅಕ್ಕನ ಹತ್ರ ಆವತ್ತೇ ಹೇಳಿದ್ದೆ."

ಈಶಾನ್ಯ ಮೂಲೆಯಲ್ಲಿ ದಾಸವಾಳದ ಗಿಡದ ಬುಡದಲ್ಲಿ ಇದ್ದದ್ದು ಗುಳಿಗನ ಕಲ್ಲು, ತುಳುನಾಡಿನ ಉಗ್ರ ದೈವದ ನೆಲೆ. ಒಂದೂವರೆ ಅಡಿ ಚೌಕದ ಕಪ್ಪು ಕಲ್ಲು, ನಡುವೆ ದುಂಡಗಿನ ಒಂದು ತೂತು. ಒಂಬತ್ತು ವರ್ಷ ಹಿಂದೆ ಈ ಮನೆಯನ್ನು ಗಲ್ಫಿನವರೊಬ್ಬರಿಂದ ಕೊಳ್ಳುವಾಗ ಭಟ್ಟರು ಒಬ್ಬರೇ ಬಂದು ಜಾಗ ನೋಡಿದ್ದರು. ಉರಿ ಬಿಸಿಲು, ಸುತ್ತ ಯಾರೂ ಇಲ್ಲ, ಕಪ್ಪು ಕಲ್ಲಿನ ಮೇಲೆ ಒಂದು ಕೆಂಪು ದಾಸವಾಳ. ಹೂ ಗಿಡದಿಂದ ಬಿದ್ದದ್ದು ಇರಬಹುದು ಎಂದು ಬೇರೆ ಯಾರಿಗಾದರೂ ತೋಚುತ್ತಿತ್ತು. ಭಟ್ಟರು ಕೈಮುಗಿದು, ಆಫೀಸಿಗೆ ಹೋಗಿ, ತಮ್ಮದೇ ಆಧಾರದಲ್ಲಿ ತಮ್ಮದೇ ಅಕ್ಷರದಲ್ಲಿ ಬರೆದರು: "ಈಶಾನ್ಯ ಮೂಲೆಯಲ್ಲಿ ಅನಾದಿಕಾಲದಿಂದ ಇರುವ ಗುಳಿಗನ ಕಲ್ಲು ಒಂದು." ರಿಜಿಸ್ತ್ರಿ ಆಯಿತು. ಮೊಹರು ಬಿತ್ತು. ಆ ಮೇಲೆ ಅದನ್ನು ಅಲ್ಲ ಎನ್ನಲು ಗುಳಿಗನಿಂದಲೂ ಸಾಧ್ಯವಿರಲಿಲ್ಲ.

ಸೌದಾಮಿನಿ ದಿನಾ ಬೆಳಗ್ಗೆ ತುಳಸಿಗೆ ನೀರೆರೆದು, ಕೊಡಪಾನದಲ್ಲಿ ಉಳಿದದ್ದನ್ನು ಈ ಕಲ್ಲಿಗೂ ಎರೆಯುತ್ತಿದ್ದಳು. ಎಷ್ಟು ಎರೆದರೂ ತೂತಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಎಷ್ಟು ತಿಂದರೂ ತೀರದ ಗುಳಿಗನ ಹಸಿವು ಗೊತ್ತಿದ್ದ ಹರಿಣಾಕ್ಷಿ ಅದನ್ನು ನೋಡಿ ಮೈ ಜುಮ್ಮೆನ್ನಿಸಿಕೊಂಡಿದ್ದಳು. "ಕುಡೀತದೆ ಅಕ್ಕ, ಎಷ್ಟು ಕೊಟ್ಟರೂ ಕುಡೀತದೆ" ಎಂದು ನಾಲ್ಕು ಮನೆಗೆ ಹೇಳಿ ಬಂದಿದ್ದಳು. ಆದರೆ ಶಿವರಾತ್ರಿಗೆ ಬಂದ ಸೌದಾಮಿನಿಯ ಅಣ್ಣ, ಬಾಯಾರಿನ ಕಡೆ ದೇವಸ್ಥಾನವೊಂದರ ಅರ್ಚಕರಾದ ಹರಿನಾರಾಯಣ ಭಟ್ಟರು, ಗುಳಿಗನಿಗೆ ದಿನಾ ನೀರೆರೆಯುವ ಕ್ರಮ ಎಲ್ಲಿಯೂ ಇಲ್ಲ ಎಂದು ಗದರಿಸಿ ನಿಲ್ಲಿಸಿ ಹೋಗಿದ್ದರು.

ಈಗ ಅವರನ್ನೇ ಕರೆಸಬೇಕಾಯಿತು. ಶುಕ್ರವಾರ ಬೆಳಗ್ಗಿನ ಬಸ್ಸಿಗೆ ಬಂದರು. ಕಾಲು ತೊಳೆದು, ಕಾಫಿ ಕುಡಿದು, ಓವನ್ನಿನ ಎದುರು ಕುರ್ಚಿ ಹಾಕಿಸಿಕೊಂಡು ಕೂತು ಇ-ಸೆವೆನ್ನನ್ನು ಎರಡು ನಿಮಿಷ ದಿಟ್ಟಿಸಿದರು.

"ಭಾವ, ನೀರು ನಿಲ್ಲಿಸಿದ್ದಕ್ಕೆ ಆದದ್ದು ಅಂತ ಹರಿಣಾಕ್ಷಿ ಹೇಳ್ತಾಳೆ" ಎಂದರು ಕೇಶವಪ್ರಸಾದರು.

"ನಿಲ್ಲಿಸಿದ್ದಕ್ಕೆ ಅಲ್ಲ. ಒಂಬತ್ತು ವರ್ಷ ಎರೆದದ್ದಕ್ಕೆ ಆದದ್ದು."

"ಹಾಗಾದರೆ ಎರೆಯುವಾಗ ಯಾಕೆ ಆಗಲಿಲ್ಲ?" ಬಾಗಿಲ ಹೊರಗಿನಿಂದ ಹರಿಣಾಕ್ಷಿ ಕೇಳಿದಳು.

"ತಾಳಿಕೊಂಡಿದ್ದ."

"ಮತ್ತೆ ಎರೆಯುವುದು ನಿಲ್ಲಿಸಿದ ಮೇಲೆ ಯಾಕೆ ತಾಳಲಿಲ್ಲ?"

ಹರಿನಾರಾಯಣರು ಕುರ್ಚಿಯನ್ನು ಇತ್ತ ತಿರುಗಿಸಿಕೊಂಡು, ಆ ಕಲ್ಲನ್ನು ಪ್ರತಿಷ್ಠೆ ಮಾಡಿದವರು ಯಾರು ಎಂದು ಭಾವನನ್ನು ಕೇಳಿದರು. ಕೇಶವಪ್ರಸಾದರು ಒಳಗೆ ಹೋಗಿ ಆಧಾರ ತಂದು ಓದಿದರು. "ಅನಾದಿಕಾಲದಿಂದ." ಅನಾದಿಯನ್ನು ಫೋನು ಮಾಡಿ ವಿಚಾರಿಸುವಂತಿಲ್ಲ. ಕೊನೆಗೆ ರಾಜಿಯಾಯಿತು: ನೀರು ಬೇಡ, ತಪ್ಪಾಯಿತು ಎಂದು ಒಂದು ಬೊಂಡ, ಅಂದರೆ ಎಳನೀರು, ಒಪ್ಪಿಸುವುದು.

ಹರಿನಾರಾಯಣರು ಬೊಂಡ ಕೆತ್ತಿ ತೂತಿಗೆ ಎರೆದರು. ಅವರು ಬೆನ್ನು ತಿರುಗಿಸಿದ್ದೇ ಹರಿಣಾಕ್ಷಿ, ಯಾವುದಕ್ಕೂ ಇರಲಿ ಎಂದು, ಬಾವಿಕಟ್ಟೆಯ ಮೇಲಿದ್ದ ಕೊಡಪಾನವನ್ನೂ ಅದರ ಮೇಲೆ ಕವುಚಿದಳು.

"ಇವರೇ," ಸೌದಾಮಿನಿ ಅಡುಗೆಮನೆಯಿಂದ ಕರೆದಳು. "ಇ-ಸೆವೆನ್ ಹೋಯ್ತು."

ಮೂವರೂ ಓಡಿದರು. ಓವನ್ನಿನ ಹಣೆ ಸ್ವಚ್ಛವಾಗಿತ್ತು. ಹರಿನಾರಾಯಣರು ಓವನ್ನಿಗೇ ಕೈಮುಗಿದರು, ಇಷ್ಟು ವರ್ಷದ ಪೂಜೆಯಲ್ಲಿ ಇಷ್ಟು ಬೇಗ ಉತ್ತರ ಅವರಿಗೂ ಸಿಕ್ಕಿರಲಿಲ್ಲ. ಸೌದಾಮಿನಿ ಕಲಸಿಟ್ಟ ಹಿಟ್ಟನ್ನು ಒಳಗಿಟ್ಟಳು. ಹಲಸಿನ ಹಣ್ಣಿನ ಪರಿಮಳ ಆಗಷ್ಟೇ ಏಳುತ್ತಿತ್ತು, ಇಪ್ಪತ್ತೆರಡನೇ ನಿಮಿಷಕ್ಕೆ ಕುಂಯ್, ಕುಂಯ್, ಕುಂಯ್. ಉಬ್ಬಿದ್ದ ಕೇಕು ನಡುವೆ ಕುಸಿಯಿತು.

"ಒಂದು ಬೊಂಡಕ್ಕೆ ಇಪ್ಪತ್ತೆರಡು ನಿಮಿಷ" ಎಂದಳು ಹರಿಣಾಕ್ಷಿ.

ಕೇಶವಪ್ರಸಾದರಿಗೆ ಈಗ ತಲೆ ಬುಡ ತಿಳಿಯದಂತಾಗಿತ್ತು. ತಿಳಿಯದಾಗ ಅವರು ಬರೆಯುತ್ತಾರೆ. ಒಂದು ಕಾಗದ ತೆಗೆದು ಬರೆದರು. ಒಂದು ಕೇಜಿಗೆ ಐವತ್ತು ನಿಮಿಷ, ಆರು ಕೇಜಿಗೆ ಮುನ್ನೂರು, ಇಪ್ಪತ್ತೆರಡರಿಂದ ಭಾಗಿಸಿದರೆ ಹದಿಮೂರು ಚಿಲ್ಲರೆ. "ಹದಿನಾಲ್ಕು ಬೊಂಡ. ಶನಿವಾರ ಬೆಳಗ್ಗೆ ಸುರು ಮಾಡಿದರೆ, ಭಾವ ಎರೆಯುವುದು, ನಾನು ವಾಚು ನೋಡುವುದು."

"ನಾನು ಬೊಂಡ ಎರೆಯುತ್ತಾ ಕೂತುಕೊಳ್ಳಲಿಕ್ಕೆ ಬಂದವನಲ್ಲ" ಎಂದರು ಹರಿನಾರಾಯಣರು. "ದೈವ ಎಂದರೆ ಗ್ಯಾಸಿನ ಸಿಲಿಂಡರಾ, ಇಷ್ಟು ನಿಮಿಷ ಅಂತ ಅಳೆಯಲಿಕ್ಕೆ?"

"ಅಳೆದು ಕೊಡುವುದು ಅವನೇ ಅಲ್ವಾ ಸ್ವಾಮಿ" ಎಂದಳು ಹರಿಣಾಕ್ಷಿ. "ನಮ್ಮದೆಂತ ಉಂಟು? ನನಗೆ ಕೇಕು ಆದರೆ ಸಾಕು. ನೂರೈವತ್ತು ಜನಕ್ಕೆ ನಾನು ಎಂತ ಹೇಳುವುದು, ಗುಳಿಗ ಮುನಿದ, ಪಾಯಸ ತಿನ್ನಿ ಅಂತಲಾ?"

ಸೌದಾಮಿನಿ ಕುಸಿದ ಕೇಕನ್ನು ತಟ್ಟೆಗೆ ಹಾಕಿ ಮೂವರ ಮುಂದಿಟ್ಟಳು. ಆಮೇಲೆ ಕಣ್ಣು ಒರೆಸಿಕೊಂಡು ಜಗಲಿಗೆ ಹೋಗಿ ಮೈನ್‌ಸ್ವಿಚ್ಚಿನ ಪೆಟ್ಟಿಗೆ ತೆರೆದಳು. ಮುಚ್ಚಳದ ಒಳಗೆ ಯಾರೋ ಪೆನ್ಸಿಲಿನಲ್ಲಿ "ಕೂಸಪ್ಪ, ವಯರಿಂಗ್" ಎಂದು ಬರೆದು ನಂಬರು ಹಾಕಿದ್ದರು. ಒಂಬತ್ತು ವರ್ಷದಿಂದ ಕೇಶವಪ್ರಸಾದರು ಓದದೆ ಬಿಟ್ಟ ಬರಹ ಆ ಮನೆಯಲ್ಲಿ ಅದೊಂದೇ.

ಶನಿವಾರ ಒಂಬತ್ತೂವರೆಗೆ ಉಪ್ಪಳದಿಂದ ಸ್ಕೂಟರಿನಲ್ಲಿ ಕೂಸಪ್ಪ ಬಂದ. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಕಿಸೆಯಲ್ಲಿ ಟೆಸ್ಟರು, ಕೈಯಲ್ಲಿ ಮೀಟರು. ಪ್ಲಗ್ಗಿನ ಮೂರು ತೂತಿಗೆ ಮೀಟರಿನ ಕಡ್ಡಿ ಹಿಡಿದು ನೋಡಿ, "ಅರ್ತಿಂಗ್ ಇಲ್ಲ" ಎಂದ.

"ಎಂತದು ಇಲ್ಲ?" ಎಂದರು ಕೇಶವಪ್ರಸಾದರು.

"ಭೂಮಿಗೆ ಹೋಗುವ ವಯರು ಭಟ್ರೇ. ನೆಲ ಒಣಗಿದರೆ ಅದು ಹಿಡಿಯುವುದಿಲ್ಲ. ನಮ್ಮ ಊರಿನ ಓವನ್ನಾದರೆ ಸುಮ್ಮನೆ ನಡೀತದೆ, ಶಾಕ್ ಹೊಡೀತದೆ. ಇದು ಹುಷಾರಿನದ್ದು, ನಿಲ್ತದೆ. ಗುಂಡಿಗೆ ನೀರು ಹಾಕಿದರೆ ಸರಿಯಾಗ್ತದೆ. ಗುಂಡಿ ಎಲ್ಲಿ ಅಂತ ನನಗೆ ಗೊತ್ತುಂಟು, ನಾನೇ ತೋಡಿದ್ದು."

ಎಂದು ಹೇಳಿ ಅಂಗಳ ದಾಟಿ ಸೀದಾ ಈಶಾನ್ಯ ಮೂಲೆಗೆ ನಡೆದ. ಅಲ್ಲಿಗೆ ತಲುಪಿ ನಿಂತ. ಕಲ್ಲಿಗೆ ಅರಸಿನ ಹಚ್ಚಿತ್ತು, ದೀಪ ಇತ್ತು, ಹಿಂದಿನ ದಿನದ ಬೊಂಡ ಇತ್ತು, ದಾಸವಾಳದ ಸಣ್ಣ ಮಾಲೆಯೂ ಇತ್ತು. ಕೂಸಪ್ಪ ಅದನ್ನು ನೋಡಿದ, ಹಿಂದೆ ನಿಂತವರನ್ನು ನೋಡಿದ, ಮತ್ತೆ ಚಪ್ಪಲಿ ಕಳಚಿಟ್ಟ.

"ಇದು ಎಂತ?"

"ಗುಳಿಗನ ಕಲ್ಲು" ಎಂದರು ಕೇಶವಪ್ರಸಾದರು. "ಅನಾದಿಯಿಂದ ಉಂಟು."

"ಅನಾದಿ ಅಲ್ಲ ಭಟ್ರೇ, ಹದಿನಾರು ವರ್ಷ ಆಯ್ತು. ಅಡುಗೆಮನೆಯ ಕಟ್ಟೆಗೆ ಕಡಪ ಕಲ್ಲು ತಂದಾಗ ನಲ್ಲಿಯ ತೂತು ತಪ್ಪಿದ ಜಾಗದಲ್ಲಿ ಕೊರೆದರು. ಆ ತುಂಡು ಬಿಸಾಡುವುದು ಯಾಕೆ ಅಂತ ನಾನು ಗುಂಡಿಗೆ ಮುಚ್ಚಿದ್ದು. ತೂತು ಇದ್ದದ್ದು ಒಳ್ಳೆಯದೇ ಆಯ್ತು, ನೀರು ಹಾಕಲಿಕ್ಕೆ."

ಹರಿಣಾಕ್ಷಿ ಬಾಯಿಗೆ ಸೆರಗು ಹಿಡಿದಿದ್ದಳು, ನಗುವುದೋ ಹೆದರುವುದೋ ಎಂದು ಇನ್ನೂ ನಿರ್ಧಾರವಾಗಿರಲಿಲ್ಲ.

"ಸರಿ, ತೆಗೆದು ನೋಡು ಮಾರಾಯ" ಎಂದಳು ಸೌದಾಮಿನಿ.

ಕೂಸಪ್ಪ ಬಗ್ಗಿದ. ಕೈ ಚಾಚಿದ. ಕೈ ಹಿಂದಕ್ಕೆ ತೆಗೆದ. "ನಾನೇ ಇಟ್ಟದ್ದು ಹೌದು ಅಕ್ಕ. ಆದರೆ ನೀವು ದೀಪ ಇಟ್ಟಿದ್ದೀರಿ. ಈಗ ನಾನು ಮುಟ್ಟುವುದಿಲ್ಲ. ಕೆಳಗೆ ವಯರು ಕಡಿದಿದೆಯಾ ಅಂತ ನೋಡದೆ ನೀರು ಹಾಕಿಯೂ ಪ್ರಯೋಜನ ಇಲ್ಲ."

ಎಲ್ಲರೂ ಹರಿನಾರಾಯಣರನ್ನು ನೋಡಿದರು. ಅವರು ಮೇಲುಹೊದಿಕೆ ಸರಿಪಡಿಸಿಕೊಂಡರು. "ಗುಳಿಗ ಹೌದಾದರೆ ಕ್ರಮ ಪ್ರಕಾರ ಎಬ್ಬಿಸಬೇಕು, ಅದಕ್ಕೆ ದಿನ ನೋಡಬೇಕು, ಒಂದು ತಿಂಗಳು ಹೋಗ್ತದೆ. ಗುಳಿಗ ಅಲ್ಲದಿದ್ದರೆ ಯಾರೂ ಎತ್ತಬಹುದು. ಅಲ್ಲ ಅಂತ ಯಾರು ಹೇಳುವುದು? ನಾನು ಹೇಳಲಿಕ್ಕಾಗುವುದಿಲ್ಲ. ಭಾವನ ಆಧಾರದಲ್ಲಿ ಉಂಟು."

ಈಗ ಎಲ್ಲರೂ ಕೇಶವಪ್ರಸಾದರನ್ನು ನೋಡಿದರು.

ಅವರಿಗೆ ಬೆವರು ಬಂತು. ಬಿಸಿಲು ಜಾಸ್ತಿಯಿತ್ತು, ನಿಜ. ಒಂದು ಮಾತು ಹೇಳಿದರೆ ಸಾಕು, ಆದರೆ ಆ ಮಾತು ಹೇಳಿದ ಕೂಡಲೆ ಮೂವತ್ತೊಂದು ವರ್ಷ ಹೋಗುತ್ತದೆ. ಹರಿಣಾಕ್ಷಿ ಇಲ್ಲಿದ್ದಾಳೆ, ನಾಳೆ ನೂರೈವತ್ತು ಜನ ಅವಳ ಮನೆಯಲ್ಲಿ ಇರುತ್ತಾರೆ, ಸೋಮವಾರ ಬಾವಿ ಸಿಗದವನು ಉಪ್ಪಳದ ಆಫೀಸಿನ ಮೆಟ್ಟಿಲ ಮೇಲೆ ಕಾದಿರುತ್ತಾನೆ. ಹೇಳದಿದ್ದರೆ ಕೇಕಿಲ್ಲ. ಸೌದಾಮಿನಿ ಅವರನ್ನು ಗದರಿಸಲೂ ಇಲ್ಲ, ಕೇಳಿಕೊಳ್ಳಲೂ ಇಲ್ಲ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ಸುಮ್ಮನೆ ನಿಂತಿದ್ದಳು. ಮಂಚದ ಅಡಿಯ ಬೋರ್ಡನ್ನು ಅವರು ಚಪ್ಪಲಿ ಹುಡುಕುವಾಗ ನೋಡಿದ್ದರು. ನೋಡಿಲ್ಲ ಎಂಬಂತೆ ಇದ್ದರು.

"ಅದು," ಎಂದರು ಕೇಶವಪ್ರಸಾದರು. "ಆಧಾರದಲ್ಲಿ ಉಂಟು. ಆದರೆ ಬರೆದದ್ದು ತಪ್ಪು."

"ಯಾರು ಬರೆದದ್ದು?" ಹರಿಣಾಕ್ಷಿಗೆ ಗೊತ್ತಿತ್ತು, ಆದರೂ ಕೇಳಿದಳು.

"ನಾನು ಬರೆದದ್ದು. ಹೂ ಬಿದ್ದಿತ್ತು, ನೋಡಿ ಬರೆದೆ. ಯಾರ ಹತ್ತಿರವೂ ಕೇಳಲಿಲ್ಲ. ತಪ್ಪು ನನ್ನದು."

ಹೇಳಿ ಮುಗಿಸಿ, ಯಾರಾದರೂ ತಡೆಯುವ ಮುಂಚೆ ಬಗ್ಗಿ ಕಲ್ಲು ಎತ್ತಿದರು. ಕೆಳಗೆ ಒಂದು ಕೊಳವೆ, ಅದಕ್ಕೆ ಕಟ್ಟಿದ ಹಸುರು ವಯರು, ಸುತ್ತ ಒಣಗಿ ಬಿರಿದ ಮಣ್ಣು. ಹರಿಣಾಕ್ಷಿ ಕಣ್ಣು ಮುಚ್ಚಿಕೊಂಡವಳು, ಏನೂ ಆಗಲಿಲ್ಲ ಎಂದು ಒಂದು ಕಣ್ಣು ತೆರೆದಳು. ಕೂಸಪ್ಪ ವಯರಿನ ತುದಿಯ ಕಿಲುಬು ಕೆರೆದು ಬಿಗಿದ, ಉಪ್ಪೂ ಇದ್ದಿಲೂ ತುಂಬಿದ, ನಾಲ್ಕು ಕೊಡಪಾನ ನೀರು ಹೊಯ್ದ. ಭಟ್ಟರು ಕಲ್ಲನ್ನು ಮತ್ತೆ ಗುಂಡಿಗೆ ಮುಚ್ಚಿದರು. ಒಳಗಿನಿಂದ ಸೌದಾಮಿನಿಯ ದನಿ ಕೇಳಿತು: "ಹೋಯ್ತು."

"ಬೇಸಗೆಯಲ್ಲಿ ದಿನಾ ಒಂದು ಕೊಡಪಾನ ನೀರು ಹಾಕಿ" ಎಂದ ಕೂಸಪ್ಪ. "ನಿಲ್ಲಿಸಬೇಡಿ. ಮತ್ತೆ, ಅದು ಕರೆಂಟಿನ ಜಾಗ, ಚಪ್ಪಲಿ ಹಾಕಿಕೊಂಡೇ ಹೋಗಬೇಕು."

"ಆವತ್ತೇ ನಾನು ಇದನ್ನೇ ಹೇಳಿದ್ದು, ನೀರು ನಿಲ್ಲಿಸಬೇಡಿ ಅಂತ" ಎಂದಳು ಹರಿಣಾಕ್ಷಿ. ಹರಿನಾರಾಯಣರು ತಾವು ಹೇಳಿದ್ದು ಗುಳಿಗನ ವಿಷಯ, ಕೊಳವೆಯ ವಿಷಯ ಅಲ್ಲ ಎಂದು ಹೇಳಿ ಹನ್ನೊಂದೂಕಾಲಿನ ಬಸ್ಸು ಹಿಡಿದರು.

ಭಾನುವಾರ ಆರು ಕೇಜಿ ಕೇಕು ಹದಿನೈದು ನಿಮಿಷದಲ್ಲಿ ಖಾಲಿಯಾಯಿತು. ಕಿನ್ನಿ ತನ್ನ ಪಾಲನ್ನು ಪೂರ್ತಿಯಾಗಿ ಅಜ್ಜಿಯ ಸೀರೆಗೆ ಒರೆಸಿದಳು. ಊಟಕ್ಕೆ ಕೂತ ನೂರೈವತ್ತು ಜನಕ್ಕೂ ಗುಳಿಗನ ಕತೆ ಮುಟ್ಟಿತ್ತು, ಕೇಶವಪ್ರಸಾದರು ಪಾಯಸ ಉಣ್ಣುತ್ತಿದ್ದಾಗ ಪಕ್ಕದವರೊಬ್ಬರು ಮೆಲ್ಲಗೆ, "ಭಟ್ರೇ, ನಮ್ಮ ಆಧಾರದಲ್ಲಿ ಒಂದು ನಾಗನ ಕಟ್ಟೆ ಉಂಟಲ್ಲ, ಅದೊಮ್ಮೆ ಬಂದು ನೋಡ್ತೀರಾ?" ಎಂದು ಕೇಳಿದರು. ಭಟ್ಟರು ಎರಡನೇ ಸಲ ಪಾಯಸ ಹಾಕಿಸಿಕೊಳ್ಳಲಿಲ್ಲ. ಆದರೆ ಸೋಮವಾರ ಬೆಳಗ್ಗೆ ಬೋರ್ಡನ್ನು ಮಂಚದ ಅಡಿಯಿಂದ ತೆಗೆದು ಗೇಟಿಗೆ ಹೊಡೆದವರು ಅವರೇ. ಮೊಳೆ ಸ್ವಲ್ಪ ಓರೆಯಾಯಿತು. "ಓರೆಯಾಯಿತು, ನನ್ನ ತಪ್ಪು" ಎಂದರು. ಸೌದಾಮಿನಿ ಅವರ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡಿದಳು.

ಆಧಾರಕ್ಕೆ ತಿದ್ದುಪಡಿ ಪತ್ರ ಬರೆಯಬೇಕು ಎಂದೂ ಅವತ್ತೇ ನಿಶ್ಚಯವಾಯಿತು. ಊರಿನವರ ಪತ್ರಗಳನ್ನು ಅರ್ಧ ದಿನದಲ್ಲಿ ಮುಗಿಸುವ ಭಟ್ಟರು ಇದನ್ನು ಮೇ ತಿಂಗಳ ಕೊನೆಯವರೆಗೂ ಬರೆಯುತ್ತಲೇ ಇದ್ದರು.

ಅಷ್ಟು ದಿನವೂ ಬೆಳಗ್ಗೆ ಗುಂಡಿಗೆ ನೀರು ಹಾಕುವ ಕೆಲಸ ಅವರದ್ದಾಗಿತ್ತು. ಒಂದು ದಿನ ಹರಿಣಾಕ್ಷಿ ಗೋಡೆಯ ಮೇಲಿಂದ ನೋಡುತ್ತಾಳೆ: ಭಟ್ಟರು ಕೊಡಪಾನ ಹಿಡಿದು ಬಂದರು, ಕಲ್ಲಿನಿಂದ ಮೂರು ಹೆಜ್ಜೆ ಈಚೆ ನಿಂತರು, ಚಪ್ಪಲಿ ಬಿಟ್ಟರು, ಬರಿಗಾಲಲ್ಲಿ ಹೋಗಿ ನೀರೆರೆದರು.

"ಚಪ್ಪಲಿ ಹಾಕಿಕೊಂಡೇ ಹೋಗಬೇಕು ಅಂತ ಕೂಸಪ್ಪ ಹೇಳಿದ್ದಲ್ವಾ ಭಟ್ರೇ?"

ಕೇಶವಪ್ರಸಾದರು ಕೊಡಪಾನದ ಕೊನೆಯ ಹನಿಯನ್ನೂ ತೂತಿಗೆ ಬಸಿದರು. ಅಡುಗೆಮನೆಯಿಂದ ಹಲಸಿನ ಕೇಕಿನ ಪರಿಮಳ ಬರುತ್ತಿತ್ತು, ಆ ದಿನ ಮೂರು ಆರ್ಡರು ಇತ್ತು.

"ಹೇಳಿದ್ದಾನೆ," ಎಂದರು. "ಆದರೆ ತಿದ್ದುಪಡಿ ಇನ್ನೂ ರಿಜಿಸ್ತ್ರಿ ಆಗಲಿಲ್ಲ. ಅಲ್ಲಿವರೆಗೆ ಗುಳಿಗನೇ."